ಸ್ವರ ಕೇಳಿ ಸೇರಿದವರು

ಸೆಪ್ಟೆಂಬರ್ 3, ಬುಧವಾರ

ಎದ್ದ ಕೂಡಲೇ ಬಿಸಿನೀರು, ಕಾಳುಮೆಣಸು. ಎಂಟು ತಿಂಗಳಿಂದ ಮೈಕ್ ಹಿಡಿದಿಲ್ಲ. ಗಂಟಲಿಗೆ ಇನ್ನೂ ಸುದ್ದಿ ಮುಟ್ಟಿಲ್ಲ. ಶಶಿ ಲೋಟ ಇಟ್ಟು ಹೋದಳು. ಗಂಡ ಜೈಲಿಗೋ ಮನೆಗೋ ಅಂತ ಗೊತ್ತಾಗುವವರೆಗೆ ಅವಳಿಗೂ ಮಾತು ಬೇಡ.

ಹತ್ತಕ್ಕೆ ಬೆಳ್ತಂಗಡಿ. ವಕೀಲ ವೀರರಾಜರ ಆಫೀಸು. ಅರ್ಜಿ ರೆಡಿ — ಪೊಲೀಸರು ಫ್ರೀಜ್ ಮಾಡಿದ ನನ್ನ ಖಾತೆಯಿಂದ ವಕೀಲರ ಫೀಸಿನಷ್ಟು ಬಿಡಿಸಿಕೊಡಿ ಅಂತ. ಬೇರೆ ಹಣ ಎಲ್ಲಿಯದು. ವೀರರಾಜರು ಬಿಡಿಸಿ ಹೇಳಿದರು:

"ಲಕ್ಕಿ ಸ್ಕೀಮ್ ನಡೆಸಿದ್ದು ರೋಹಿತ್. ಓಡಿಹೋದದ್ದೂ ಅವನೇ. ನೀವು ಕೂಲಿಗೆ ಡ್ರಾದ ನಂಬರ್ ಓದಿದವರು ಮಾತ್ರ. ಹಾಗಾದ್ರೆ ಆ ಹಣ ನಿಮ್ಮದು, ಬಿಡ್ತಾರೆ. ನಿಮ್ಮ ಮಾತು ಕೇಳಿ ಜನ ಸೇರಿದ್ದು ಅಂತಾದ್ರೆ ಅದು ಜನರ ಹಣ. ಮತ್ತೆ ಕೇಳುವುದೇ ಬೇಡ."

ಸ್ಕೀಮಿನ ಮೆಂಬರ್ ಒಬ್ಬರ ಅಫಿಡವಿಟ್ ಬೇಕಂತೆ. ಈ ಸುಧಾಕರನ ಸ್ವರ ಕೇಳಿ ಸೇರಿದ್ದಲ್ಲ, ರೋಹಿತ್ ಹಂಚಿದ ನೋಟೀಸು ನೋಡಿ ಸೇರಿದ್ದು ಅಂತ.

ಮೂವತ್ತೊಂದು ವರ್ಷ ಈ ಸ್ವರದಿಂದಲೇ ಅನ್ನ. ಅದಕ್ಕೆ ಮೂರು ಕಾಸಿನ ಬೆಲೆಯಿಲ್ಲ ಅಂತ ಈಗ ಸ್ಟಾಂಪ್ ಪೇಪರಿನಲ್ಲಿ ಬರೆಸಬೇಕು. ಬರೆಸದಿದ್ದರೆ ಫೀಸಿಲ್ಲ, ವಕೀಲರಿಲ್ಲ. ರೋಹಿತನ ಪಾಲಿನ ಜೈಲೂ ನನಗೇ.

ಸೆಪ್ಟೆಂಬರ್ 8, ಸೋಮವಾರ

ಪಾಣೆಮಂಗಳೂರು. ಉನೈಸನ ಮೈಕ್ ಸೆಟ್ ಅಂಗಡಿ. 94ರಲ್ಲಿ ನನ್ನ ಕೈಗೆ ಮೊದಲ ಮೈಕ್ ಕೊಟ್ಟದ್ದು ಅವನ ಅಪ್ಪ. ಜೀಪಿನ ಮೇಲೆ ಎರಡು ಹಾರ್ನ್ ಸ್ಪೀಕರ್ ಕಟ್ಟಿ, ಮಡಂತ್ಯಾರಿನಿಂದ ಲಾಯಿಲದವರೆಗೆ ವಾಲಿಬಾಲ್ ಪ್ರಚಾರ. ಉನೈಸ್ ಸ್ಟಿಯರಿಂಗ್, ನಾನು ಹಿಂದೆ. ಧೂಳಿಗೆ ಹುಬ್ಬೆಲ್ಲ ಕೆಂಪು. ಗದ್ದೆಯಲ್ಲಿದ್ದವರು ಕೆಲಸ ನಿಲ್ಲಿಸಿ ಕೇಳುತ್ತಿದ್ದರು. ಸಂಜೆ ಇಬ್ಬರಿಗೂ ಗೋಳಿಬಜೆ, ಚಾ. ಸಂಬಳ ಅಂತ ಕೊಟ್ಟದ್ದು ನೆನಪಿಲ್ಲ, ಕೇಳಿದ್ದೂ ನೆನಪಿಲ್ಲ. ಅಷ್ಟು ಸುಖ ಮತ್ತೆ ಸಿಗಲಿಲ್ಲ.

ಅವನದ್ದೂ ಸ್ಕೀಮಿನಲ್ಲಿ ನಾಲ್ಕು ಕಾರ್ಡು. ತಿಂಗಳಿಗೆ ಸಾವಿರ ಕಟ್ಟು, ಡ್ರಾ ಬಿದ್ದರೆ ಕಾರು, ಬೀಳದಿದ್ದರೆ ಕೊನೆಗೆ ಚಿನ್ನ. ಹೇಳಿದ್ದು ನಾನೇ. ಅಫಿಡವಿಟ್ ಕೇಳಿದೆ. ವಯರ್ ಸುತ್ತುತ್ತಲೇ ಅಂದ.

"ಹಣ ಹೋದದ್ದು ಹೋಯ್ತು. ನಾನು ಕಂಪ್ಲೇಂಟ್ ಕೊಡ್ಲಿಕ್ಕೆ ಹೋಗ್ಲಿಲ್ಲ. ಆದ್ರೆ ನೀನು ಮೈಕಿನಲ್ಲಿ ಹೇಳಿದ್ದಲ್ವಾ ಅಂತ ಕಟ್ಟಿದ್ದು ಮಾರಾಯ. ನೋಟೀಸು ನೋಡಿ ಅಂತ ಹೇಗೆ ಬರೆಯುವುದು?"

ಬೈದಿದ್ದರೆ ಸುಲಭವಿತ್ತು. ಚಾ ತರಿಸಿದ.

ಸೆಪ್ಟೆಂಬರ್ 14, ಆದಿತ್ಯವಾರ

ಮೂಡುಬಿದಿರೆ. ತ್ರಿಶಲಕ್ಕನ ಮನೆ. ಅವರದ್ದು ಎರಡು ಕಾರ್ಡು.

ಗುರುತು ಹಳೆಯದು. 98ರಲ್ಲಿ ಅವರ ತಮ್ಮನ ಮದುವೆಗೆ ಮೈಕಿನಲ್ಲಿ ನಾನು. ಊಟದ ಹೊತ್ತಿಗೆ ಅಕ್ಕನ ಒಂದು ಬೆಂಡೋಲೆ ಕಾಣೆ. "ಸಿಕ್ಕಿದವರು ವೇದಿಕೆಗೆ ತಂದುಕೊಡಿ, ಹೆಸರು ಕೇಳುವುದಿಲ್ಲ" ಅಂತ ಮೂರು ಸಲ ಹೇಳಿದೆ. ಹತ್ತೇ ನಿಮಿಷ. ವೀಳ್ಯದೆಲೆಯಲ್ಲಿ ಸುತ್ತಿ ಯಾರೋ ಪುಣ್ಯಾತ್ಮರು ಮೇಜಿನ ಮೇಲಿಟ್ಟು ಹೋಗಿದ್ದರು. ಹಾರ್ನಿನಲ್ಲಿ ಒಬ್ಬ ಕೇಳಿದ ಅಂತ ಚಿನ್ನ ವಾಪಸು ಬರುತ್ತಿದ್ದ ಕಾಲ... ಅದನ್ನು ನೆನೆದು ಇಬ್ಬರೂ ನಕ್ಕೆವು.

"ಡ್ರಾದ ಲೈವ್ ನಾನು ನೋಡ್ತಿದ್ದದ್ದೇ ನಿನ್ನ ಸ್ವರಕ್ಕೆ. ಕಾರು ಯಾರಿಗೆ ಬೇಕು ಈ ಪ್ರಾಯದಲ್ಲಿ?" ಅಂದರು.

ಅಫಿಡವಿಟ್ ಓದಿ ಹೇಳಿದೆ. ಕಾಗದ ಕೈಗೆ ತೆಗೆದುಕೊಂಡರು.

"ಸುಳ್ಳಾಗ್ತದಲ್ಲ ಸುಧಾಕರ?"

"ಹೌದಕ್ಕ."

"ಎಲ್ಲಿ ಸೈನ್ ಹಾಕುವುದು?"

ಹೊತ್ತು ಮುಳುಗಿದ ಮೇಲೆ ಊಟ ಮಾಡದ ವ್ರತ ಒಂದು ದಿನವೂ ತಪ್ಪಿಸದ ಹೆಂಗಸು. ನಾಚಿಕೆಯಾಯಿತು. ಆದರೂ ಕಾಗದ ಮಡಚಿ ಕಿಸೆಗೆ ಹಾಕಿಕೊಂಡೆ.

ಸೆಪ್ಟೆಂಬರ್ 25, ಗುರುವಾರ, ಸಂಜೆ 6

ಕೋರ್ಟು. ಹಿಂದಿನ ಬೆಂಚುಗಳಲ್ಲಿ ಮೆಂಬರ್‌ಗಳು. ಎಲ್ಲ ಮುಖವೂ ಗುರುತಿನದು. ಒಬ್ಬರೂ ನಗಲಿಲ್ಲ.

ಸರ್ಕಾರಿ ವಕೀಲರು ತ್ರಿಶಲಕ್ಕನನ್ನೇ ಕರೆಸಿದ್ದರು. ಇದು ನಾವು ಎಣಿಸಿರಲಿಲ್ಲ. ಸೆರಗು ಹೊದ್ದು ಕಟಕಟೆಯಲ್ಲಿ ನಿಂತರು. ಜಡ್ಜ್ ಮೆತ್ತಗೆ ಕೇಳಿದರು, "ನೋಟೀಸು ನೋಡಿಯೇ ಸೇರಿದ್ದಾ ಅಮ್ಮ?"

ಅಕ್ಕ ನನ್ನ ಕಡೆ ನೋಡಿದರು. ಬಾಯಿ ತೆರೆದರು.

ಎದ್ದುಬಿಟ್ಟೆ. "ನನ್ನ ಸ್ವರ ಕೇಳಿ ಸೇರಿದ್ದು ಸ್ವಾಮಿ. ಸುಳ್ಳಾಗ್ತದೆ ಅಂತ ಅವರು ಹೇಳಿದ್ದರು. ಬರೆಸಿದ್ದು ನಾನು." ವೀರರಾಜರು ಅಂಗಿ ಹಿಡಿದೆಳೆದರು. ನಿಲ್ಲಿಸಲಾಗಲಿಲ್ಲ. "ಅವರೊಬ್ಬರೇ ಅಲ್ಲ. ಹಿಂದೆ ಕೂತವರೂ."

ಅರ್ಜಿ ವಜಾ. ಹಣ ಇದ್ದಲ್ಲೇ.

ಹೊರಗೆ ವೀರರಾಜರು ಫೈಲು ಕೈಗೆ ಕೊಟ್ಟರು. "ಇಷ್ಟು ಸತ್ಯ ಹೇಳುವವರಿಗೆ ವಕೀಲ ಯಾಕೆ ಸುಧಾಕರಣ್ಣ?" ಸಿಟ್ಟಿರಲಿಲ್ಲ. ಸುಸ್ತು. ಅವರಿಗೂ ಹೊಟ್ಟೆಪಾಡು ಉಂಟಲ್ಲ.

ತ್ರಿಶಲಕ್ಕ ಬಸ್ ಸ್ಟಾಂಡಿನವರೆಗೆ ಜೊತೆಗೆ ನಡೆದರು. ಬಸ್ ಹತ್ತುವಾಗ ಮಾತ್ರ ಅಂದರು, "ನೀನು ಸುಮ್ಮನಿದ್ದಿದ್ರೆ ನಾನು ಹೌದು ಅಂತಲೇ ಹೇಳ್ತಿದ್ದೆ."

"ಗೊತ್ತುಂಟು ಅಕ್ಕ. ಅದಕ್ಕೇ."

ಅಕ್ಟೋಬರ್ 8, ಬುಧವಾರ

ಸರ್ಕಾರದಿಂದ ಉಚಿತ ವಕೀಲರು ಸಿಕ್ಕಿದರು. ಅನಿಷಾ ಅಂತ. ಮೊನ್ನೆ ಮೊನ್ನೆ ಕರಿಕೋಟು ಹೊಲಿಸಿದವರ ಹಾಗೆ ಕಾಣುತ್ತಾರೆ. ಗತಿ ಅವರೇ.

ಪೊಲೀಸರು ಡ್ರಾದ ಲೈವ್ ವಿಡಿಯೊಗಳನ್ನೆಲ್ಲ ಸಾಕ್ಷಿಯಾಗಿ ಕೋರ್ಟಿನಲ್ಲಿ ಹಾಕುತ್ತಾರಂತೆ. ಹದಿನೇಳು ಡ್ರಾ. ಒಂದನ್ನು ಅನಿಷಾ ಫೋನಿನಲ್ಲಿ ಕೇಳಿಸಿದರು. ಮಡಂತ್ಯಾರಿನ ಹಾಲ್, ಮೊದಲ ಡ್ರಾ. ಜನ ಹೊರಗಿನವರೆಗೆ ನಿಂತಿದ್ದಾರೆ. ಎಂಥ ಸ್ವರ ಇತ್ತು ನನ್ನದು. ದೇವರಾಣೆ, ಹೆಮ್ಮೆಯಾಯಿತು. ಆಮೇಲೆ ಆ ಗುಂಪಿನಲ್ಲಿ ಕೋರ್ಟಿನ ಬೆಂಚಿನ ಮುಖಗಳನ್ನು ಹುಡುಕಿದೆ.

ಅನಿಷಾ ಪೂರ್ತಿ ಕೇಳಿದರು. ಫೋನ್ ಕೆಳಗಿಟ್ಟು, ನನ್ನ ಮುಖ ನೋಡದೆ ಅಂದರು, "ನಾನಿದ್ದಿದ್ರೂ ಸೇರ್ತಿದ್ದೆ ಸರ್."

ಮೊದಲಾದರೆ ಯಾರು ಹೀಗೆ ಹೊಗಳಿದರೂ ಚಪ್ಪಲಿ ಕಳಚುವ ಮೊದಲೇ ಶಶಿಗೆ ಹೇಳುತ್ತಿದ್ದೆ. ಇವತ್ತು ಅವಳೇ ಕೇಳಿದಳು, "ವಕೀಲರು ಎಂಥ ಹೇಳಿದ್ರು?"

ನಾನು "ಡ್ರಾದ ವಿಡಿಯೊ ಕೋರ್ಟಿನಲ್ಲಿ ಹಾಕ್ತಾರಂತೆ" ಅಂತ ಮಾತ್ರ ಹೇಳಿದೆ.