ನೀನು ಕೈಬಿಟ್ಟ ಅಳತೆಗಳು

ಗವಿಸಿದ್ದೇಶ,

'ಪ್ರೀತಿಯ' ಎಂದು ಬರೆಯಲು ಕೈ ಏಳಲಿಲ್ಲ. ಕ್ಷೇಮವೇ ಎಂದು ಕೇಳುವ ಮನಸ್ಸೂ ಇಲ್ಲ.

ಮೊನ್ನೆ ನಾನಿಲ್ಲದಾಗ ಮುನಿರಾಬಾದಿನ ನಮ್ಮ ಮನೆಗೆ ಬಂದು ಅವ್ವನ ಮುಂದೆ ಕೂತು, "ನಿಮ್ಮ ಅಮೃತಾ ಹೊಟ್ಟಿಕಿಚ್ಚಿಗೆ ನನ್ನ ಹೆಸರು ಮಣ್ಣಪಾಲು ಮಾಡಿದಳ್ರಿ" ಎಂದೆಯಂತೆ. ಅವ್ವ ಕೇಳಿದ್ದು ಒಂದೇ ಮಾತು: "ಆಕಿ ಹೇಳಿದ್ದು ಸುಳ್ಳೇನಪಾ?" ನೀನು ಚಹಾವನ್ನೂ ಕುಡಿಯದೆ ಎದ್ದು ಹೋದೆಯಂತೆ. ಜಗಳವಿದ್ದರೆ ನನ್ನ ಹತ್ತಿರ ಬರಬೇಕಿತ್ತು. ಅವ್ವನ ಬಳಿಗೇಕೆ ಹೋದೆ?

ಕೊಪ್ಪಳದ ಕಾಲೇಜಿನಲ್ಲಿ ಒಂದೇ ಬೆಂಚಿನ ಎರಡು ತುದಿಗೆ ಕೂತು ಓದಿದವರು ನಾವು. ಸಂಶೋಧನೆಗೆ ಸೇರಿದ ಮೇಲೂ ಒಂದೇ ಪ್ರಯೋಗಾಲಯ. ಬೆಳಕಿನ ಎರಡು ಕಣಗಳ ನಡುವಿನ ಕ್ವಾಂಟಮ್ ನಂಟು ಹೊರಗಿನ ಬಿಸಿಗೆ, ನಡುಕಕ್ಕೆ ಕೆಟ್ಟುಹೋಗುತ್ತಿದ್ದಾಗ, "ಅರ್ಧ ದಾರ್ಯಾಗ ಬೆಳಕನ್ನ ಒಮ್ಮಿ ತಿರುವಿಬಿಟ್ರ? ಮೊದಲ ಕೆಟ್ಟಿದ್ದನ್ನ ಮುಂದಿನ ದಾರಿನೇ ಅಳಸ್ತೈತಿ" ಎಂದು ಕುಣಿದಾಡಿದವನು ನೀನು. ಆ ದಿನ ನಿನ್ನ ಬಗ್ಗೆ ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇನು?

ಅಳತೆಗಳನ್ನು ತೆಗೆದವಳು ನಾನು. ಬಿಸಿ, ನಡುಕಗಳ ಆ ಗದ್ದಲ ನಿಧಾನವಾಗಿ ಬದಲಾಗುತ್ತಿದ್ದಾಗ ನಂಟು ಉಳಿಯಿತು. ವೇಗವಾಗಿ ಬದಲಾದಾಗ ಉಳಿಯಲಿಲ್ಲ. ಇಬ್ಬರೂ ಕಣ್ಣಾರೆ ನೋಡಿದ್ದೆವು. ಅಪ್ಪನ ಆಪರೇಷನ್ನಿಗೆಂದು ನಾನು ಊರಿಗೆ ಬಂದಾಗ ನೀನು ನಂಟು ಉಳಿಯದ ಅಳತೆಗಳನ್ನೆಲ್ಲ ಕಿತ್ತುಹಾಕಿ, ಕೆಳಗೆ ನನ್ನ ಹೆಸರನ್ನೂ ಸೇರಿಸಿ ಸಂಶೋಧನಾ ಪತ್ರಿಕೆಗೆ ಲೇಖನ ಕಳಿಸಿಬಿಟ್ಟೆ. ನನ್ನನ್ನು ಒಂದು ಮಾತೂ ಕೇಳಲಿಲ್ಲ!

ನನಗದು ಗೊತ್ತಾದದ್ದು ನಮ್ಮ ಹಳೆಯ ಕಾಲೇಜಿನಲ್ಲಿ, ನಿನಗೆ ಶಾಲು ಹೊದಿಸಿದ ಸಭೆಯಲ್ಲಿ. "ಎಂಥಾ ಗದ್ದಲ ಇರ್ಲಿ, ನಂಟು ಕೆಡದಂಗ ಮಾಡೀವಿ" ಎಂದು ನೀನು ವೇದಿಕೆಯ ಮೇಲೆ ಹೇಳಿದೆ. ಹಿಂದಿನ ಸಾಲಿನಲ್ಲಿದ್ದ ನನ್ನ ಮೈ ಉರಿಯಿತು. ಹೊರಗೆ ಬೇವಿನ ಮರದ ಕೆಳಗೆ ತಡೆದು ಕೇಳಿದರೆ ನೀನು ನಕ್ಕೆ. "ಯಾರು ನೋಡ್ತಾರ ಬಿಡ ಅಮೃತಾ. ನಿನಗೂ ಹೆಸರು ಬರತೈತಲ್ಲ." ಎದುರಿಗೆ ನಿಮ್ಮ ಅಪ್ಪ ಕುಬೇರಪ್ಪನವರು ಆ ಶಾಲನ್ನು ಮಡಚಿ ಎದೆಗೆ ಒತ್ತಿ ಹಿಡಿದು ನಿಂತಿದ್ದರು. ಅವರ ಮುಖ ನೋಡಿ ನಾನು ಆ ದಿನ ಬಾಯಿ ಮುಚ್ಚಿಕೊಂಡೆ. ತಪ್ಪು ತಿದ್ದಿ ಬರೆ ಎಂದು ಆಮೇಲೆ ಎಷ್ಟು ಸಲ ಬೇಡಿಕೊಂಡೆ! ನೀನು ಫೋನ್ ಎತ್ತುವುದನ್ನೇ ಬಿಟ್ಟೆ. ಆಗ ಪತ್ರಿಕೆಯವರಿಗೆ ನಾನೇ ತಿಳಿಸಿದೆ. ಲೇಖನವನ್ನು ಅವರು ಹಿಂದಕ್ಕೆ ತೆಗೆದುಕೊಂಡರು. ನಾನು ಇನ್ನೊಮ್ಮೆಯೂ ಹಾಗೆಯೇ ಮಾಡುತ್ತೇನೆ.

ಈಗ ಕೆಟ್ಟದ್ದು, ಒಳ್ಳೆಯದು ಎಲ್ಲವನ್ನೂ ಸೇರಿಸಿ ಹೊಸದಾಗಿ ಬರೆದಿದ್ದೇನೆ. ಗದ್ದಲ ನಿಧಾನವಾಗಿದ್ದಾಗ ಮಾತ್ರ ಈ ನಂಟನ್ನು ಕಾಪಾಡಬಹುದು ಎಂದು. ಓದಿದ ನಮ್ಮ ಗೈಡ್, ಇದು ದೊಡ್ಡ ಕೆಲಸ ಎಂದರು. ಇಷ್ಟನ್ನೇ ಹೇಳಿದ್ದರೆ ಸಾಕಿತ್ತಲ್ಲೋ! ಸುಳ್ಳಿನ ಅಗತ್ಯವೇ ಇರಲಿಲ್ಲ. ನಿನ್ನ ಮೇಲಿನ ನನ್ನ ಸಿಟ್ಟು ಆರದಿರುವುದು ಇದಕ್ಕೇ.

ಲೇಖನ ಇದರ ಜೊತೆಗಿದೆ. ನಿನ್ನ ಹೆಸರನ್ನು ಮೊದಲು ಹಾಕಿದ್ದೇನೆ. ಕನಿಕರ ಎಂದುಕೊಳ್ಳಬೇಡ, ಬೆಳಕನ್ನು ತಿರುವುವ ಯೋಚನೆ ನಿನ್ನದೇ, ಅದನ್ನು ಬಿಟ್ಟು ಬರೆದರೆ ಅದೂ ಸುಳ್ಳೇ. ಒಪ್ಪಿಗೆಯಿದ್ದರೆ ಸಹಿ ಮಾಡಿ ಕಳಿಸು. ಒಂದು ಅಳತೆಯನ್ನೂ ಮುಟ್ಟಬೇಡ.

ನಿನಗೆ ಒಳ್ಳೆಯದಾಗಲಿ ಎಂದು ಹಲ್ಲು ಕಚ್ಚಿಕೊಂಡೇ ಹಾರೈಸುವ,
ಅಮೃತಾ