ಮಾವಾರಿಗೆ ಯಾವ ರೇಸ್ ಹಚ್ಚಬೇಕು

ರೀ,

ಇವತ್ತು ಖಂಡೇನವಮಿ, ಗಾಡಿ ಪೂಜಾ ಮಾಡೋ ದಿನ ಆದ್ರೂ ನಮ್ಮ ದವಾಖಾನಿಗೆ ಸೂಟಿ ಇಲ್ಲ. ಏಳರ ಬಸ್ಸಿಗೆ ಕೊಪ್ಪಳಕ್ಕ ಡ್ಯೂಟಿಗೆ ಹೊಂಟೀನಿ. ಉಪ್ಪಿಟ್ಟು ಡಬ್ಬ್ಯಾಗ ಐತಿ, ಮೊದಲ ಮಾವಾರಿಗೆ ಕೊಡ್ರಿ.

ಅವರಿಗೆ ಕೊಡಾಕಂತ ನೀವು ತಂದ ಕಾರ್ ರೇಸಿನ ಸಿನಿಮಾ ನೋಡಿದೆ. ಅದರಾಗ ಹೀರೋ ಹುಡುಗಿ ಹಿಂದ ಓಡಿದ್ದ ಹೆಚ್ಚು, ಕಾರು ಓಡಿದ್ದು ಕಮ್ಮಿ. ಮ್ಯಾಲ ನಾಕು ಗಾಡಿ ಹೊತ್ತಿ ಉರೀತಾವ. ಮೂವತ್ತು ವರ್ಷ ಬಸ್ ಹೊಡದು ಒಂದು ಕುರಿಮರಿಗೂ ತಾಗಸದವ್ರಿಗೆ ಇಂಥಾದ್ದು ಕೊಡ್ತಾರೇನ್ರಿ? ಅಂಗಡಿಗೆ ವಾಪಸ್ ಕೊಟ್ಟು ಬರ್ರಿ.

ನಾ ತಂದ ಡಾಕ್ಯುಮೆಂಟರಿ ಡಿವಿಡಿ ದೇವರ ಮುಂದ ಐತಿ. ಖರೇ ರೇಸು, ಕ್ಯಾಮೆರಾ ಡ್ರೈವರನ ಬಾಜೂಕ ಕುಂತಂಗ ಐತಿ, ಬರೇ ತಿರುವು.

ಆಸೆ ಹಚ್ಚಿ ಸುಳ್ಳಾದೀತು ಅಂತ ನಿಮಗ ಹೇಳಿದ್ದಿಲ್ಲ. ಲಕ್ವಾ ಹೊಡದಾಗಿಂದ ಅಳ್ಳಾಡದ ಅವರ ಬಲಗಾಲು, ಮೊನ್ನಿ ಟಿವಿಯೊಳಗ ರೇಸಿನ ಕಾರು ತಿರುವಿಗೆ ಬಂದಾಗ ನೆಲಾ ಒತ್ತಿತು. ಬ್ರೇಕ್ ಹಾಕಿದ್ರು ನೋಡ್ರಿ! ಅವರಿಗೇ ಗೊತ್ತಾಗಲಿಲ್ಲ.

ಈ ಸಲ ಪೂಜಾ ಮಾಡಾಕ ಬಸ್ಸಿಲ್ಲಂತ ನಿನ್ನಿಯಿಂದ ಮಾತಾಡವಲ್ರು. ಬಸ್ಸಿಗೆ ಕಟ್ಟಿದಂಗ ಅವರ ಕುರ್ಚಿಗೆ ಚೆಂಡು ಹೂವಿನ ಮಾಲಿ ಕಟ್ರಿ. ಆಮ್ಯಾಲ ಡಿವಿಡಿ ಹಚ್ರಿ. ಗಾಲಿ ಕೆಳಗ ಇಡೋ ನಿಂಬಿಹಣ್ಣು ಅವರ ಬಲಗಾಲ ಕೆಳಗ ಇಡ್ರಿ. ನಗಬ್ಯಾಡ್ರಿ, ಇಡ್ರಿ.

ಹಣ್ಣು ಒಡೀತಂದ್ರ ಫೋನ್ ಮಾಡ್ರಿ. ವಾರ್ಡಿನ್ಯಾಗ ಇದ್ರೂ ಎತ್ತತೀನಿ.

ಭವಾನಿ