ಗೇರ್‌ಬಾಕ್ಸ್ ಸರಿಯಾಗುವ ತನಕ

ಮನೆಯಿಂದ,
ತಾರೀಖು ೧೧, ಭಾನುವಾರ

ಪ್ರೀತಿಯ ಗುಬ್ಬೀ,

ನಿನ್ನ ಅಪ್ಪನ ಆಶೀರ್ವಾದಗಳು. ಹೇಗಿದ್ದೀಯಮ್ಮ? ಕೈನೋವು ಇಳಿದಿದೆಯೇ? ಬಲಗೈಗೆ ಪಟ್ಟಿ ಹಾಕಿದ್ದಾರೆಂದು ಬರೆದಿದ್ದೀಯ. ಎಡಗೈಯಲ್ಲಿ ಬರೆದದ್ದಾದರೂ ಅಕ್ಷರ ಓದುವ ಹಾಗಿತ್ತು. ಚಿಕ್ಕಂದಿನಲ್ಲಿ ನೀನು ಎಡಗೈಯಲ್ಲಿ ಚಮಚ ಹಿಡಿದರೆ ನಿನ್ನ ಅಮ್ಮ ಗದರುತ್ತಿದ್ದಳು, ಈಗ ನೋಡು, ಅದೇ ಉಪಯೋಗಕ್ಕೆ ಬಂತು. ನಾವಿಬ್ಬರೂ ಕ್ಷೇಮ. ನನ್ನ ಮೊಣಕಾಲು ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ.

ನಿನ್ನ ಪತ್ರ ಬಂದು ಒಂಬತ್ತು ದಿನವಾಯಿತು. ಫೋನು ಅಳಿಯಂದಿರ ಜೇಬಿನಲ್ಲೇ ಇರುತ್ತದೆ, ಅದಕ್ಕೇ ಕಾಗದ ಬರೆದೆ ಎಂದಿದ್ದೀಯ. “ಅಪ್ಪಾ, ಕಾರು ತಗೊಂಡು ಬಂದು ನನ್ನನ್ನ ಮನೆಗೆ ಕರ್ಕೊಂಡು ಹೋಗು, ಇಲ್ಲೇ ಇದ್ರೆ ನಾನು ಉಳಿಯಲ್ಲ” ಎಂದೂ ಬರೆದಿದ್ದೀಯ. ಬರಬಾರದೆಂದಲ್ಲ ಮಗಳೇ. ಕಾರಿನ ಸ್ಥಿತಿ ನಿನಗೆ ಗೊತ್ತಿಲ್ಲ, ಅದಕ್ಕೇ ಬಿಡಿಸಿ ಬರೆಯುತ್ತೇನೆ. ಇಪ್ಪತ್ತಾರು ವರ್ಷದ ಕಾರು ಅದು. ಯಜಮಾನರು ಹೊಸದು ಕೊಂಡಾಗ, ಇಷ್ಟು ವರ್ಷ ಓಡಿಸಿದ್ದೀಯ, ನೀನೇ ಇಟ್ಟುಕೋ ಎಂದು ಅರ್ಧ ಬೆಲೆಗೆ ಕೊಟ್ಟರು. ಅಂದು ನಾನು ನೆಲದ ಮೇಲೆ ನಿಂತಿರಲಿಲ್ಲ. ಐದು ಜನ ಕಾಲು ಚಾಚಿ ಕೂರುವ ಕಾರು ನಮ್ಮ ಬೀದಿಯಲ್ಲಿ ಬೇರೆ ಯಾರಿಗಿತ್ತು ಹೇಳು? ಕೊಂಡಮೇಲೆ ಗೊತ್ತಾಯಿತು, ಇದು ಬಿಳಿ ಆನೆ ಸಾಕಿದ ಹಾಗೆ. ಪೆಟ್ರೋಲನ್ನು ನೀರಿನಂತೆ ಕುಡಿಯುತ್ತದೆ. ಅದರ ಅಳತೆಯ ಟೈರು ಯಾವ ಅಂಗಡಿಯಲ್ಲೂ ಇಲ್ಲ. ಬಿಡಿಭಾಗ ಬೇಕೆಂದರೆ ಗುಜರಿಗೆ ಹೋಗಿ, ಅದರದ್ದೇ ಜಾತಿಯ ಸತ್ತ ಕಾರು ಬಂದಿದೆಯೇ ಎಂದು ಕೇಳಬೇಕು.

ರೇಡಿಯೇಟರ್ ಸೋರುತ್ತಿತ್ತು. ಕೂಲೆಂಟಿನ ಬದಲು ವರ್ಷಗಟ್ಟಲೆ ನಲ್ಲಿ ನೀರು ಹಾಕಿದ್ದು ನನ್ನದೇ ತಪ್ಪು, ಒಳಗೆಲ್ಲ ತುಕ್ಕು. ಸ್ಟೀರಿಂಗ್ ತಿರುಗಿಸಿದರೆ ಪಂಪು ಹಲ್ಲುನೋವಿನವರ ಹಾಗೆ ನರಳುತ್ತದೆ. ಮುಂದಿನ ಚಕ್ರದ ರಬ್ಬರ್ ಬುಷ್‌ಗಳು ಸವೆದು, ಗುಂಡಿ ಸಿಕ್ಕಿದಲ್ಲೆಲ್ಲ ಯಾರೋ ಕೆಳಗಿನಿಂದ ಬಡಿದಂತೆ ಸದ್ದು. ಇದನ್ನೆಲ್ಲ ತಡೆದುಕೊಳ್ಳಬಹುದು. ಈಗ ಹೋಗಿರುವುದು ತಾನೇ ಗೇರು ಬದಲಿಸುವ ಆಟೊಮ್ಯಾಟಿಕ್ ಗೇರ್‌ಬಾಕ್ಸ್. ಆಕ್ಸಿಲೇಟರ್ ತುಳಿದರೆ ಎಂಜಿನ್ ಬೊಬ್ಬೆ ಹೊಡೆಯುತ್ತದೆ, ಕಾರು ಮಾತ್ರ ನಿಂತಲ್ಲೇ. ಅದನ್ನು ಕೆಡಿಸಿದ್ದೂ ನಾನೇ. ನಿನ್ನ ಪತ್ರ ಬಂದ ದಿನವೇ ಕಾರಿನ ಬಾನೆಟ್ ಎತ್ತಿದೆ. ದೂರದ ದಾರಿ, ಸರಿಯಾಗಿ ಸಿದ್ಧ ಮಾಡಿಕೊಂಡೇ ಹೊರಡೋಣವೆಂದು ಗೇರ್‌ಬಾಕ್ಸಿನ ಹಳೇ ಎಣ್ಣೆಯನ್ನೆಲ್ಲ ಬಸಿದು ಹೊಸದು ತುಂಬಿಸಿದೆ. ಮರುದಿನದಿಂದಲೇ ಗೇರು ಜಾರತೊಡಗಿತು. ಗ್ಯಾರೇಜಿನ ಬಾಯಿಬಡುಕ ಮೆಕ್ಯಾನಿಕ್ ಹಣೆ ಚಚ್ಚಿಕೊಂಡ. “ಆ ಕೊಳಕಲ್ಲೇ ಅದು ಹೇಗೋ ಕಚ್ಕೊಂಡು ನಡೀತಿತ್ತು ಸ್ವಾಮಿ, ನೀವು ತೊಳೆದು ಕೆಡಿಸಿದ್ರಿ” ಎಂದ. ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿದೆ ಗುಬ್ಬೀ. ಸಂಸಾರವೂ ಹಾಗೇ ಅಲ್ಲವೇ? ಹೇಗೋ ನಡೆಯುತ್ತಿರುವುದನ್ನು ಬಿಚ್ಚಲು ಹೋಗಬಾರದು. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಎಂದು ಹಿರಿಯರು ಸುಮ್ಮನೆ ಹೇಳಿಲ್ಲ.

ನಿನ್ನ ಅಮ್ಮನಿಗೆ ಇದು ಅರ್ಥವಾಗುವುದಿಲ್ಲ. “ಕಾರಿಲ್ದಿದ್ರೆ ಬಸ್ಸಿಲ್ವಾ?” ಎಂದು ಒಂದು ದಿನವೆಲ್ಲ ಕೂಗಾಡಿದಳು. ಈ ಮೊಣಕಾಲಿನಲ್ಲಿ ಹನ್ನೊಂದು ಗಂಟೆ ಬಸ್ಸಿನಲ್ಲಿ ಕೂರಲು ಆಗುತ್ತದೆಯೇ? ಈಗ ನನ್ನೊಂದಿಗೆ ಮಾತು ಬಿಟ್ಟಿದ್ದಾಳೆ. ತಟ್ಟೆಯನ್ನು ನನ್ನ ಮುಂದೆ ಕುಕ್ಕಿ ಹೋಗುತ್ತಾಳೆ.

ಪತ್ರದ ಕೊನೆಯಲ್ಲಿ ಒಂದು ಮಾತು ಕೇಳಿದ್ದೀಯ, ಅದಕ್ಕೆ ಉತ್ತರಿಸದಿದ್ದರೆ ತಪ್ಪಾಗುತ್ತದೆ. ಕಳೆದ ಸಲ ನಿಮ್ಮಿಬ್ಬರನ್ನು ಸ್ಟೇಷನ್ನಿಗೆ ಬಿಡಲು ಹೋಗುವಾಗ ಹಿಂದಿನ ಸೀಟಿನಲ್ಲಿ ನಡೆದದ್ದು ನನಗೆ ಗೊತ್ತಾಗಲಿಲ್ಲವೇ ಎಂದು. ಗೊತ್ತಾಯಿತು. ನೀನು “ಅಪ್ಪಾ” ಎಂದದ್ದೂ ಕೇಳಿಸಿತು. ಆದರೆ ಮೂವತ್ತು ವರ್ಷ ಯಜಮಾನರ ಕಾರು ಓಡಿಸಿದವನು ನಾನು. ಹಿಂದಿನ ಸೀಟಿನ ಮಾತು ಡ್ರೈವರಿನ ಕಿವಿಗೆ ಬೀಳಬಾರದು, ಕೆಲಸಕ್ಕೆ ಸೇರಿದ ಮೊದಲ ದಿನವೇ ಕಲಿಸಿದ ಪಾಠ ಅದು. ಯಜಮಾನರು ತಮ್ಮ ಹೆಂಡತಿಯ ಮೇಲೆ ಕೈಮಾಡಿದಾಗಲೂ ನಾನು ರಸ್ತೆಯನ್ನೇ ನೋಡುತ್ತಿದ್ದೆ, ಆ ಕೆಲಸ ಉಳಿದದ್ದೇ ಅದರಿಂದ, ನಿನ್ನನ್ನು ಓದಿಸಿದ್ದೂ ಅದೇ ಸಂಬಳದಲ್ಲಿ. ನಿಮ್ಮನ್ನು ಸ್ಟೇಷನ್ನಿಗೆ ಬಿಟ್ಟ ಅವತ್ತೂ ಕೈ ತಾನಾಗಿ ಹೋಗಿ ಕನ್ನಡಿಯನ್ನು ಮೇಲಕ್ಕೆ ತಿರುಗಿಸಿತು. ಆಮೇಲೆ ನಾಚಿಕೆಯಾಯಿತು, ಸುಳ್ಳು ಹೇಳುವುದಿಲ್ಲ. ನನಗೆ ಅಳಿಯಂದಿರನ್ನು ಕಂಡರೆ ಭಯ. ಹೆತ್ತವನಾಗಿ ಇದನ್ನು ಮಗಳಿಗೆ ಬರೆಯಬೇಕಾಗಿ ಬಂತಲ್ಲ ಎಂದು ಬೇಜಾರು.

ಆದ್ದರಿಂದ ಗೇರ್‌ಬಾಕ್ಸ್ ಸರಿಯಾಗುವ ತನಕ ಹೇಗಾದರೂ ತಾಳಿಕೋ. ಆತುರಗಾರನಿಗೆ ಬುದ್ಧಿ ಮಟ್ಟ. ಅವರು ಮನೆಗೆ ಬರುವ ಹೊತ್ತಿಗೆ ಎದುರು ಮಾತಾಡಬೇಡ, ಕೈಗೆ ಬಿಸಿನೀರಿನ ಶಾಖ ಕೊಡು, ಮೊಟ್ಟೆ ತಿನ್ನು, ಮೂಳೆಗೆ ಒಳ್ಳೆಯದು. ಕಾರು ರಸ್ತೆಗಿಳಿದ ದಿನ ಮೊದಲ ಸವಾರಿ ನಿನ್ನ ಮನೆಗೇ.

ನೂರು ಕಾಲ ಚೆನ್ನಾಗಿರು.

ನಿನ್ನ
ಅಪ್ಪ

ಬರೆಯಲು ಉಳಿದದ್ದು: ಇವತ್ತು ಗುರುವಾರ, ಪತ್ರ ಅಂಚೆಗೆ ಹಾಕುವುದು ತಡವಾದದ್ದೇ ಒಳ್ಳೆಯದಾಯಿತು. ಗೇರ್‌ಬಾಕ್ಸಿಗೆ ದಾರಿ ಕಾಣದೆ ಭಾನುವಾರ ಸಂಜೆ ಅಳಿಯಂದಿರಿಗೇ ಫೋನ್ ಮಾಡಿದ್ದೆ. ದೊಡ್ಡ ಮನಸ್ಸು ಅವರದು, ಮಂಗಳವಾರ ತಾವೇ ಬಂದು, ಗುಜರಿಯೆಲ್ಲ ಜಾಲಾಡಿ ಒಂದು ಒಳ್ಳೆಯ ಗೇರ್‌ಬಾಕ್ಸ್ ತಂದು ಕೂರಿಸಿಕೊಟ್ಟರು. ಕಾರು ಈಗ ಬೆಣ್ಣೆಯಂತೆ ಹೋಗುತ್ತದೆ. ಎಲ್ಲಿಗೆ ಹೊರಟಿದ್ದಿರಿ ಮಾವ, ಇಷ್ಟು ಅವಸರ ಏನು ಎಂದು ಕೇಳಿದರು. ಅಷ್ಟು ಉಪಕಾರ ಮಾಡಿದವರಿಗೆ ಸುಳ್ಳು ಹೇಳಲು ಬಾಯಿ ಬರಲಿಲ್ಲ, ನಿನ್ನ ಪತ್ರ ಕೊಟ್ಟೆ. ಎರಡು ಸಲ ಓದಿ, ಮಡಿಸಿ ಜೇಬಿಗಿಟ್ಟುಕೊಂಡರು. ನಿನ್ನ ಅಮ್ಮ ಬೆಳಿಗ್ಗೆ ಚೀಲ ಹಿಡಿದು ಬಸ್ಸಿಗೆ ಹೊರಟಿದ್ದಳು, ಅವರ ಎದುರು ಚೆನ್ನಾಗಿರುವುದಿಲ್ಲವೆಂದು ತಡೆದು ಕೂರಿಸಿದ್ದೇನೆ. ಅವರಿಗೇ ಎಲ್ಲ ತಿಳಿದಮೇಲೆ ನಾನು ಬರುವ ಪ್ರಶ್ನೆ ಇನ್ನಿಲ್ಲ. ಅವರು ಈಗ ರೈಲಿಗೆ ಹೊರಟಿದ್ದಾರೆ, ರಾತ್ರಿ ಊಟದ ಹೊತ್ತಿಗೆ ಮನೆ ಸೇರುತ್ತಾರೆ. ಈ ಪತ್ರವನ್ನೂ ಅವರ ಕೈಯಲ್ಲೇ ಕಳಿಸುತ್ತಿದ್ದೇನೆ. ಲಕೋಟೆ ಅಂಟಿಸಿಲ್ಲ, ಅಂಟಿಸಿದರೆ ನಂಬಿಕೆಯಿಲ್ಲ ಅಂದುಕೊಂಡಾರು.